ಕೇಸ್ ಪೇಪರಿನ ನಾಲ್ಕನೇ ಸಾಲು

ಇಚಲಕರಂಜಿಯಲ್ಲಿ ನನಗೊಬ್ಬಳು ದೊಡ್ಡವ್ವ ಇದ್ದಾಳೆ, ನಮ್ಮವ್ವನ ಅಕ್ಕ. ಅವಳ ವಿಷಯ ಬರೆಯಲು ಕೂತರೆ ನನ್ನ ವಿಷಯವನ್ನೇ ಬರೆಯಬೇಕಾಗುತ್ತದೆ, ಅದು ಹೇಳಿಕೊಳ್ಳುವಂಥದ್ದೇನಲ್ಲ. ಆದರೂ ಬರೆಯುತ್ತೇನೆ. ಬಾಯಿ ಬಿಟ್ಟು ಹೇಳುವ ಧೈರ್ಯವಂತೂ ಇಷ್ಟು ದಿನವಾದರೂ ಬಂದಿಲ್ಲ.

ಆ ವರ್ಷ ನಾನು ಕೊಲ್ಹಾಪುರದಲ್ಲಿದ್ದುಕೊಂಡು ಪಿಜಿ ಪ್ರವೇಶ ಪರೀಕ್ಷೆಗೆ ಮೂರನೇ ಸಲ ಓದುತ್ತಿದ್ದೆ. ಎಂಬಿಬಿಎಸ್ ಮುಗಿದಿತ್ತು, ಇಂಟರ್ನ್‌ಶಿಪ್ ಮುಗಿದಿತ್ತು. ಸರ್ಜರಿ ಸೀಟೇ ಬೇಕೆಂಬ ಹಟ. ಮೊದಲ ಸಲದ ರ‍್ಯಾಂಕಿಗೆ ಬೇರೆ ಏನೋ ಸಿಗುತ್ತಿತ್ತು, ಮೂಗು ಮುರಿದೆ. ಎರಡನೇ ಸಲ ಅದೂ ಸಿಗಲಿಲ್ಲ. ನಮ್ಮೂರು ಗಡಹಿಂಗ್ಲಜ. ಅಲ್ಲಿನ ಪೇಟೆಯಲ್ಲಿ ಅಪ್ಪನದು ಮೆಣಸಿನಕಾಯಿ ಅಡತಿ ಅಂಗಡಿ. ಮಹಾಗಾಂವದಿಂದ ಮಾಲು ತರುವ ರೈತರು ಕಟ್ಟೆಯ ಮೇಲೆ ಕೂತು, "ಏನ್ರಿ ಸಾವ್ಕಾರ್ರ, ಮಗಾ ಆಪರೇಶನ್ ಮಾಡಾಕ ಚಾಲೂ ಮಾಡ್ಯಾನೇನ್ರಿ?" ಎಂದು ಕೇಳುತ್ತಿದ್ದರು. ಅಪ್ಪ ತಲೆ ಎತ್ತದೆ, "ಓದಾಕತ್ತಾನ್ರಿ, ಇನ್ನೂ ಓದಾಕತ್ತಾನ" ಎನ್ನುತ್ತಿದ್ದ. ಆ 'ಇನ್ನೂ' ಎಂಬ ಮಾತು ಅವನಿಗೆ ಕೇಳಿಸುತ್ತಿತ್ತೋ ಇಲ್ಲವೋ, ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಹಾಗಾಗಿ ನಾನು ಊರಿಗೆ ಹೋಗುವುದನ್ನೇ ಬಿಟ್ಟೆ. ರಜೆ ಸಿಕ್ಕ ಭಾನುವಾರ ಇಚಲಕರಂಜಿಗೆ ಹೋಗಿ ದೊಡ್ಡವ್ವನ ಮನೆಯಲ್ಲಿ ಉಂಡು ಬರುತ್ತಿದ್ದೆ. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಕೊಲ್ಹಾಪುರದಲ್ಲಿ ನನ್ನ ಬದುಕೆಲ್ಲ ಒಂದು ಅಭ್ಯಾಸಿಕೆಯಲ್ಲಿ, ಬಾಡಿಗೆಯ ಓದುಕೋಣೆಯಲ್ಲಿ. ತಿಂಗಳಿಗಿಷ್ಟು ಎಂದು ಕೊಟ್ಟರೆ ಒಂದು ಕುರ್ಚಿ, ಮೇಲೊಂದು ದೀಪ, ಎರಡೂ ಬದಿಗೆ ಪ್ಲೈವುಡ್ ಗೋಡೆ. ಎಡಕ್ಕೆ ಪೊಲೀಸ್ ಭರ್ತಿಗೆ ಓದುವವನು, ಬಲಕ್ಕೆ ಊರಿನ ಲೆಕ್ಕ ಬರೆಯುವ ತಲಾಠಿ ಆಗಬೇಕೆನ್ನುವವಳು, ನಡುವೆ ಡಾಕ್ಟರ್ ಆಗಿಯೂ ಪರೀಕ್ಷೆ ಮುಗಿಯದ ನಾನು. ಕೊನೆಯ ತಿಂಗಳುಗಳಲ್ಲಿ ರಿವಿಜನ್ ಕೋರ್ಸು ಶುರುವಾಗುತ್ತಿತ್ತು. ಪುಣೆಯಿಂದ ಒಬ್ಬ ಸರ್ ಬರುತ್ತಿದ್ದರು. ಮದುವೆ ಸೀಜನ್ ಇಲ್ಲದ ದಿನ ನೋಡಿ ಒಂದು ಮಂಗಲ ಕಾರ್ಯಾಲಯವನ್ನು ಹಿಡಿಯುತ್ತಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಪರದೆ ಕಟ್ಟಿ, ಐದು ವರ್ಷದ ಪಾಠವನ್ನು ಹತ್ತು ದಿನಕ್ಕೆ ಇಳಿಸಿ ನಮ್ಮ ತಲೆಗೆ ತುರುಕುತ್ತಿದ್ದರು.

ಆ ಸರ್‌ಗೆ ಒಂದೇ ಮಂತ್ರ. "ಪ್ರಶ್ನೆಯ ಕಥೆ ಪೂರಾ ಓದಬೇಡಿ. ಕೊನೆಯ ಸಾಲು ಮೊದಲು ಓದಿ. ಕೇಳಿದ್ದೇನು ನೋಡಿ. ಉತ್ತರ ಒತ್ತಿ. ಮುಂದೆ ಹೋಗಿ." ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ ಚಿಲ್ಲರೆ, ತಪ್ಪಾದರೆ ಇದ್ದ ಮಾರ್ಕೂ ಹೋಗುತ್ತದೆ. ಮೊದಮೊದಲು ಕಥೆ ಬಿಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಐವತ್ತು ವರ್ಷದ ರೈತ, ಎರಡು ವಾರದಿಂದ ಊಟ ಸೇರುತ್ತಿಲ್ಲ ಎಂದಿದ್ದರೆ, ಪಾಪ ಯಾವೂರವನೋ ಎಂದುಕೊಳ್ಳುತ್ತಿದ್ದೆ. ಬರಬರುತ್ತ ಆ ಚಟ ಬಿಟ್ಟಿತು. ಮೂರನೇ ಸಲಕ್ಕೆ ಎಷ್ಟು ತಯಾರಾಗಿದ್ದೆ ಎಂದರೆ, ಅವ್ವ ಫೋನು ಮಾಡಿ ಮನೆಯ ಸುದ್ದಿ ಹೇಳತೊಡಗಿದರೆ, "ಕಡೀಕ ಏನಾತು, ಅದನ್ನಷ್ಟ ಹೇಳ" ಎಂದು ಗದರುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ. ದೊಡ್ಡವ್ವನ ಮನೆಯ ಅಡುಗೆಕೋಣೆ. ದೊಡ್ಡಪ್ಪ ಹಿಂದಿನ ಶೆಡ್ಡಿನಲ್ಲಿ ತನ್ನ ನಾಲ್ಕು ಪಾವರ್‌ಲೂಮುಗಳ ಮುಂದಿದ್ದ. ನನ್ನ ಎದುರಿಗೆ ಬಿಸಿ ಜೋಳದ ಭಕ್ರಿ, ಎಣ್ಣೆಗಾಯಿ, ಗಟ್ಟಿ ಮೊಸರು. ಲೋಟಕ್ಕೆ ಫೋನು ಆನಿಸಿಟ್ಟು, ಹರ್ನಿಯಾದ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತ ಉಣ್ಣುತ್ತಿದ್ದೆ. ದೊಡ್ಡವ್ವ ಭಕ್ರಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನು ಸೆರಗಿಗೆ ತಾಗದಂತೆ ದೂರ ಹಿಡಿದು, ಸಣ್ಣ ದನಿಯಲ್ಲಿ ಹೇಳಿದಳು:

"ತಮ್ಮಾ, ಇಲ್ಲಿ ಎಡಕ್ಕ ಕರಡಿಗಿ ತಾಗಿ ತಾಗಿ ಒಂದು ಗಂಟ ಕಟ್ಟೇತಪಾ. ನೋವು ಏನಿಲ್ಲ. ಶಿವದಾರ ಉದ್ದ ಮಾಡಿದ್ರ ಹೋಗತೈತೇನು?"

ಕರಡಿಗೆ ಎಂದರೆ ಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಭರಣಿ. ನಮ್ಮ ಮನೆಗಳಲ್ಲಿ ದೊಡ್ಡವರು ಅದನ್ನು ಶಿವದಾರಕ್ಕೆ ಕಟ್ಟಿ ಎದೆಯ ಮೇಲೆ ಧರಿಸುತ್ತಾರೆ, ಮೈಯಿಂದ ಒಂದು ಗಳಿಗೆಯೂ ತೆಗೆಯುವುದಿಲ್ಲ. ದೊಡ್ಡವ್ವನ ಕರಡಿಗೆ ಅವಳ ಲಗ್ನದಲ್ಲಿ ತವರಿನವರು ಕೊಟ್ಟದ್ದು. ನಾನು ನನ್ನದನ್ನು ಹಾಸ್ಟೆಲಿನ ಮೊದಲ ವರ್ಷವೇ ಬಿಚ್ಚಿ ಟ್ರಂಕಿನೊಳಗೆ ಇಟ್ಟವನು. ಇಷ್ಟು ದಪ್ಪದ ಬೆಳ್ಳಿಯನ್ನು ಹಗಲೂ ರಾತ್ರಿ ಎದೆಯ ಮೇಲೆ ಹೊತ್ತರೆ ಗಂಟಾಗದೆ ಇನ್ನೇನು ಎಂಬ ಕೊಂಕು ಒಳಗೇ ಇತ್ತು. ಅವಳು ಹೇಳಿದ್ದು ಮೂರು ಮಾತು. ಎಡಗಡೆ ಗಂಟು ಎಂದಳು, ನೋವಿಲ್ಲ ಎಂದಳು, ದಾರ ಉದ್ದ ಮಾಡಲೇ ಎಂದಳು. ನಾನು ಉತ್ತರಿಸಿದ್ದು ಕೊನೆಯದಕ್ಕೆ ಮಾತ್ರ.

"ಹೂಂ, ಉದ್ದ ಮಾಡ" ಎಂದೆ. ತಲೆ ಎತ್ತಲಿಲ್ಲ. ವಿಡಿಯೋ ಕೂಡ ನಿಲ್ಲಿಸಲಿಲ್ಲ.

ಬಹಳ ದಿನ ನನಗೆ ನಾನೇ ಒಂದು ಸಬೂಬು ಹೇಳಿಕೊಂಡೆ. ಅವಳು ಹೆಂಗಸು, ತಾಯಿಯ ಸಮಾನ, ಅದು ಎದೆಯ ಮಾತು, ಗಂಡುಮಗ ಹೇಗೆ ಕೆದಕಿ ಕೇಳುವುದು ಎಂದು. ಸುಳ್ಳು, ಶುದ್ಧ ಸುಳ್ಳು! ಇಂಟರ್ನ್‌ಶಿಪ್ಪಿನಲ್ಲಿ ಗುರುತು ಪರಿಚಯವಿಲ್ಲದ ಎಷ್ಟು ಹೆಂಗಸರಿಗೆ ಆ ಪ್ರಶ್ನೆ ಕೇಳಿದ್ದೇನೆ. ಸಂಕೋಚಪಟ್ಟದ್ದು ಅವಳು, ನಾನಲ್ಲ. ನನಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಹರ್ನಿಯಾ ಮುಗಿಸಿ ನಾಲ್ಕು ಗಂಟೆಯ ಬಸ್ಸು ಹಿಡಿಯುವುದು. ಅಷ್ಟೇ ಸತ್ಯ.

ಮುಂದೆ ತಿಂಗಳುಗಟ್ಟಲೆ ಅವಳ ಡಬ್ಬಿ ಬರುತ್ತಲೇ ಇತ್ತು. ಮೆಸ್ಸಿನ ಊಟ ನನಗೆ ಒಗ್ಗುವುದಿಲ್ಲವೆಂದು ವಾರಕ್ಕೆರಡು ಸಲ ಇಚಲಕರಂಜಿಯ ಸ್ಟ್ಯಾಂಡಿಗೆ ತಾನೇ ಹೋಗಿ, ಗುರುತಿನ ಕಂಡಕ್ಟರನ ಕೈಗೆ ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ನಾನು ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಶೇಂಗಾ ಚಟ್ನಿ, ಝುಣಕ, ಒಮ್ಮೊಮ್ಮೆ ಮಾದಲಿ. ಗಂಟು ಏನಾಯಿತು ಎಂದು ಒಂದು ದಿನ, ಒಂದೇ ಒಂದು ದಿನ ಫೋನು ಮಾಡಿ ಕೇಳಲಿಲ್ಲ. ಡಬ್ಬಿ ತೊಳೆಯದೆ ಹಾಗೇ ವಾಪಸು ಕಳಿಸಿದ್ದೂ ಉಂಟು.

ಏಪ್ರಿಲಿನಲ್ಲಿ ಆ ಮಂಗಲ ಕಾರ್ಯಾಲಯದಲ್ಲಿ ಸರ್ಜರಿಯ ರಿವಿಜನ್. ಪುಣೆಯ ಸರ್ ಪರದೆಯ ಮೇಲೆ ಒಂದು ಪ್ರಶ್ನೆ ಹಾಕಿದರು. ಐವತ್ತೆಂಟು ವರ್ಷದ ಹೆಂಗಸು, ಎದೆಯಲ್ಲಿ ನೋವಿಲ್ಲದ ಗಟ್ಟಿ ಗಂಟು, ಮುಂದೇನು ಮಾಡುತ್ತೀರಿ? ಪೂರ್ತಿ ಓದುವ ಮೊದಲೇ ನಾನು ಎದ್ದು ನಿಂತು ಉತ್ತರ ಕೂಗಿದೆ. ಸರ್, "ಶಾಬ್ಬಾಸ್! ಸುಳಿವು ಯಾವುದು?" ಎಂದರು. "ನೋವಿಲ್ಲದಿರುವುದು, ಸರ್" ಎಂದೆ. "ನೋವಿಲ್ಲ ಅಂತ ಪೇಶಂಟ್ ಹೇಳಿದರೆ ನೀವು ಹೆದರಬೇಕು, ನೆನಪಿಡಿ" ಎಂದು ಅವರು ಎಲ್ಲರಿಗೂ ಹೇಳಿದರು. ಸುತ್ತಲಿನವರು ನನ್ನ ಕಡೆ ನೋಡಿದರು. ಎದೆಯುಬ್ಬಿಸಿ ಕೂತೆ. ದೊಡ್ಡವ್ವನ ನೆನಪು? ಬರಲಿಲ್ಲ. ದೇವರಾಣೆಗೂ ಬರಲಿಲ್ಲ. ಆ ಮಧ್ಯಾಹ್ನ ಅವಳೇ ಕಳಿಸಿದ ಭಕ್ರಿಯನ್ನು ಆ ಕಾರ್ಯಾಲಯದ ಮೆಟ್ಟಿಲ ಮೇಲೆ ಕೂತು ತಿಂದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಮೇ ತಿಂಗಳಲ್ಲಿ ಒಂದು ದೊಡ್ಡ ಮಾದರಿ ಪರೀಕ್ಷೆಯಲ್ಲಿ ನನ್ನ ರ‍್ಯಾಂಕು ಮೊದಲ ಬಾರಿಗೆ ಸರ್ಜರಿ ಸಿಗುವಷ್ಟು ಮೇಲೆ ಬಂತು. ಹಿಗ್ಗಿ ಹೀರೇಕಾಯಿಯಾಗಿ ಇಚಲಕರಂಜಿಯ ಬಸ್ಸು ಹತ್ತಿದೆ. ದೊಡ್ಡವ್ವ ಸ್ನಾನ ಮುಗಿಸಿ ಪೂಜೆಗೆ ಕೂರುವುದರಲ್ಲಿದ್ದಳು. ನಾನು ಸುದ್ದಿ ಹೇಳಿದೆ. ಅವಳ ಕಣ್ಣು ತುಂಬಿತು. "ಈ ಸಲ ನಮ್ಮ ಹುಡುಗ ಗೆದ್ದ ನೋಡ್ರಿ!" ಎಂದು ಶೆಡ್ಡಿನ ಕಡೆ ಮುಖ ಮಾಡಿ ಕೂಗಿದಳು. ಲೂಮಿನ ಸದ್ದಿನಲ್ಲಿ ದೊಡ್ಡಪ್ಪನಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಹೊಸ ಶಿವದಾರವೊಂದನ್ನು ನನ್ನ ಕೈಗಿಟ್ಟು, "ಹಿಂದ ಒಂದು ಗಂಟ ಹಾಕಪಾ. ಈ ಕೈ ಮ್ಯಾಲ ಏಳವಲ್ದು ಈಗೀಗ" ಎಂದಳು.

ಅವಳ ಹಿಂದೆ ನಿಂತು ದಾರ ಹಿಡಿದೆ. ಬೇಕಾದದ್ದಕ್ಕಿಂತ ಬಹಳ ಉದ್ದವಿತ್ತು. "ಇಷ್ಟ ಉದ್ದ ಯಾಕ ದೊಡ್ಡವ್ವಾ?" ಎಂದೆ.

"ನೀನ ಹೇಳಿದ್ದಿಯಲ್ಲ? ಎರಡು ಸಲ ಉದ್ದ ಮಾಡೇನಿ. ಈಗ ಕರಡಿಗಿ ಹೊಟ್ಟಿ ಮಟ ಇಳದೈತಿ. ಗಂಟ ಮಾತ್ರ ಹೋಗವಲ್ದು. ಇದು ಮೂರನೇದು, ಇನ್ನೊಂದು ಗೇಣ ಬಿಟ್ಟು ನೋಡಬೇಕಂತೇನಿ."

ಮುಂದಕ್ಕೆ ಬಂದು ನೋಡಿದೆ. ಸೀರೆಯ ಮೇಲಿಂದ ಕರಡಿಗೆ ಹೊಕ್ಕಳ ಹತ್ತಿರ ತೂಗುತ್ತಿತ್ತು. ಅವಳು ಬಲಗೈ ಇಟ್ಟು ತೋರಿಸಿದ ಜಾಗ ಅದಕ್ಕಿಂತ ಎಷ್ಟೋ ಮೇಲೆ, ಬಗಲಿನ ಹತ್ತಿರ. ಯಾರಿಗಾದರೂ ತೋರಿಸಿದ್ದೀಯಾ ಎಂದು ಕೇಳಿದೆ.

"ಯಾರಿಗೆ ತೋರಸ್ಲಿ? ಬಾಜೂ ಮನಿಯಾಕಿ ಲೇಡಿ ಡಾಕ್ಟರಗ ತೋರಸೂಣು ನಡೀ ಅಂತ ಗಂಟ ಬಿದ್ದಿದ್ಲು. ನಮ್ಮ ಮನ್ಯಾಗ ಡಾಕ್ಟರ್ ಇದ್ದಾನ, ಅಂವಾ ಹೇಳ್ಯಾನ, ಏನೂ ಆಗೂದಿಲ್ಲ ಅಂತಂದೆ."

ಮನೆಯಲ್ಲಿ ನಾನಿದ್ದೆನೆಂದೇ ಅವಳು ಬೇರೆ ಬಾಗಿಲು ತಟ್ಟಲಿಲ್ಲ. ನಾನೆಂಬ ಡಾಕ್ಟರು ಇಲ್ಲದಿದ್ದರೆ ಜನವರಿಯಲ್ಲೇ ಆ ನೆರೆಯವಳ ಜೊತೆ ರಿಕ್ಷಾ ಹತ್ತಿ ಹೋಗಿರುತ್ತಿದ್ದಳು. ಆ ದಿನ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಮರುದಿನ ಕೊಲ್ಹಾಪುರದ ಒಬ್ಬ ಸರ್ಜನ್ ಬಳಿ ಕರೆದೊಯ್ದೆ. ಇಂಟರ್ನ್‌ಶಿಪ್ಪಿನಲ್ಲಿ ನನಗೆ ಹೊಲಿಗೆ ಹಾಕಲು ಕಲಿಸಿದವರು ಅವರೇ. ದೊಡ್ಡಪ್ಪ, ಹೆಂಗಸರ ವಿಷಯ ಎಂದು ಒಳಗೆ ಬರದೆ ಹೊರಗೆ ಬೆಂಚಿನ ಮೇಲೆ ಕೂತ. ಸರ್ಜನ್ ಸರ್ ಪರದೆಯ ಹಿಂದೆ ಪರೀಕ್ಷೆ ಮಾಡಿ ಬಂದು ಕೈ ತೊಳೆದರು. ಆಮೇಲೆ ಕೇಸ್ ಪೇಪರನ್ನು ನನ್ನ ಕಡೆ ಸರಿಸಿ, "ನೀನೇ ಬರಿ. ಸರ್ಜರಿಗೆ ಹೋಗಬೇಕೆನ್ನುವವನು, ಕೈಗೆ ರೂಢಿಯಾಗಲಿ" ಎಂದು ಮರಾಠಿಯಲ್ಲಿ ಹೇಳಿದರು. ಬರೆಯತೊಡಗಿದೆ. ಮೊದಲ ಸಾಲು ಹೆಸರು, ಊರು. ಎರಡನೆಯದು ವಯಸ್ಸು. ಮೂರನೆಯದು ಎಡ ಎದೆಯಲ್ಲಿ ಗಂಟು, ನೋವಿಲ್ಲ, ನಾಲ್ಕು ತಿಂಗಳಿಂದ.

ಸರ್ ಅವಳ ಕಡೆ ತಿರುಗಿ, "ಆಧೀ ಕುಣಾಲಾ ದಾಖವಲಂ ಹೋತಂ?" ಎಂದರು. ಮೊದಲು ಯಾರಿಗಾದರೂ ತೋರಿಸಿದ್ದಿರಾ ಎಂದು.

ನಾನು ಪೆನ್ನು ಹಿಡಿದು ಕೂತಿದ್ದೆ. ಹೇಳಬೇಕೆಂದೇ ಇದ್ದೆ, ನಿಜವಾಗಿ. ಬಾಯಿ ತೆರೆಯುವುದರೊಳಗೆ ದೊಡ್ಡವ್ವ, ಕನ್ನಡದವಳು, ಸಂತೆಯ ಮರಾಠಿ ಬಿಟ್ಟರೆ ಬೇರೆ ಮರಾಠಿ ಆಡದವಳು, ನೆಟ್ಟಗೆ ಸರ್ ಮುಖ ನೋಡಿ ಹೇಳಿದಳು: "ಕುಣಾಲಾಚ್ ನಾಹೀ, ಡಾಕ್ಟರ್‌ಸಾಹೇಬ. ಲಾಜ್ ವಾಟಲೀ."

ಯಾರಿಗೂ ಇಲ್ಲ, ನಾಚಿಕೆಯಾಯಿತು ಎಂದಳು. ನನ್ನ ನಾಚಿಕೆಯನ್ನು ತನ್ನ ಹೆಸರಿಗೆ ಬರೆಸಿಕೊಂಡಳು.

ಸರ್ ನಿಟ್ಟುಸಿರು ಬಿಟ್ಟು ನನಗೆ ಹೇಳಿದರು: "ನೋಡು, ಇದೇ ನಮ್ಮ ಕಡೆಯ ಹೆಣ್ಣುಮಕ್ಕಳ ಗೋಳು. ಮುಚ್ಚಿಡುತ್ತಾರೆ. ಮೊದಲೇ ಬಂದಿದ್ದರೆ ಕಾಯಿಲೆ ಬಹುಶಃ ಬಗಲಿಗೆ ಹಬ್ಬುತ್ತಿರಲಿಲ್ಲ. ನಾಳೆ ನೀನು ಸರ್ಜನ್ ಆದಾಗ ಇದು ನೆನಪಿರಲಿ." ನಾನು ತಲೆಯಾಡಿಸಿದೆ. ಹೌದು ಸರ್ ಎಂದು ಗೋಣು ಹಾಕಿದೆ! ಆಮೇಲೆ ನಾಲ್ಕನೇ ಸಾಲು ಬರೆದೆ, ಇಂಗ್ಲಿಷಿನಲ್ಲಿ, ನನ್ನ ದುಂಡು ಅಕ್ಷರದಲ್ಲಿ: ಈ ಮೊದಲು ಯಾವ ವೈದ್ಯರಿಗೂ ತೋರಿಸಿಲ್ಲ, ಸಂಕೋಚದ ಕಾರಣ. ಪೆನ್ನು ಒಂದು ಕಡೆಯೂ ತಡವರಿಸಲಿಲ್ಲ.

ಹೊರಗೆ ಬಂದ ಮೇಲೆ ಅವಳೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ದೊಡ್ಡಪ್ಪ, "ಡಾಕ್ಟರ್ ಏನಂದ್ರು?" ಎಂದು ಕೇಳಿದಾಗ, "ಔಷಧ ಕೊಡ್ತಾರಂತ, ಆಮ್ಯಾಗ ಆಪರೇಶನ್" ಎಂದು ಅವಳೇ ಹೇಳಿ, ನನ್ನ ತಾಟಿಗೆ ಒಂದು ಬಟಾಟಿವಡಾ ಸರಿಸಿದಳು. ನಾನು ಅದನ್ನು ತಿಂದೆ.

ಬಯಾಪ್ಸಿಯಲ್ಲಿ ಕ್ಯಾನ್ಸರೆಂದೇ ಬಂತು; ಮೊದಲು ಕೀಮೋ, ಆಮೇಲೆ ಆಪರೇಶನ್ ಎಂದು ನಿಗದಿಯಾಯಿತು. ಅವಳ ಕೂದಲು ಉದುರುತ್ತಿದ್ದ ದಿನಗಳಲ್ಲಿ ನಾನು ಪರೀಕ್ಷೆ ಬರೆದೆ. ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ. "ಪರೀಕ್ಷಾ ಬಿಟ್ಟು ನನ್ನ ಬಾಜೂಕ ಕುಂತು ನೊಣಾ ಹೊಡೀತೀಯೇನು? ನಡೀ ಅತ್ಲಾಗ!" ಎಂದು ಬೈದು ಓಡಿಸಿದಳು. ಎದೆಯ ಗಂಟಿನ ಪ್ರಶ್ನೆ ಅಲ್ಲೂ ಒಂದು ಬಂತು. ಆ ಒಂದು ಪ್ರಶ್ನೆಯನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಓದಿದೆ. ಮತ್ತೆ ಓದಿದೆ. ಮೂರು ನಿಮಿಷ ಹೋದವು, ಹೋಗಲಿ ಎಂದೆ.

ರ‍್ಯಾಂಕು ಬಂತು, ಸರ್ಜರಿ ಸೀಟೂ ಸಿಕ್ಕಿತು. ಗಡಹಿಂಗ್ಲಜದ ಅಂಗಡಿಯಲ್ಲಿ ಅಪ್ಪ ಕಟ್ಟೆಯ ಮೇಲಿನವರಿಗೆಲ್ಲ ಪೇಢೆ ಹಂಚಿದ. ಎಲ್ಲರೂ ನನ್ನ ಬೆನ್ನು ತಟ್ಟಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ತಲೆನೋವೆಂದು ಒಳಗೆ ಹೋಗಿ ಮಲಗಿದೆ.

ಆಪರೇಶನ್ನಿನ ದಿನ ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್, ಮೈಮೇಲಿನದೆಲ್ಲ ತೆಗೆಯಿರಿ ಎಂದಳು. ಬಳೆ, ಓಲೆ ದೊಡ್ಡಪ್ಪನ ಕೈಗೆ ಹೋದವು. ಕರಡಿಗೆಯನ್ನು ಮಾತ್ರ ಅವಳು ನನ್ನ ಕೈಗೆ ಕೊಟ್ಟಳು. "ನೀನ ಹಿಡ್ಕೊ. ನಾ ಬರೂ ಮಟ ಕೆಳಗ ಇಡಬ್ಯಾಡ" ಎಂದಳು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತೆ. ನೀರು ಕುಡಿಯಲಿಲ್ಲ, ಫೋನು ಮುಟ್ಟಲಿಲ್ಲ. ಹುಟ್ಟಿದಂದಿನಿಂದ ನೋಡುತ್ತಿದ್ದರೂ ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ದಪ್ಪ ಬೆಳ್ಳಿ ಎಂದುಕೊಂಡಿದ್ದೆನಲ್ಲ, ಅದು ತೆಳು ತಗಡು. ಒಂದು ನಿಂಬೆಹಣ್ಣಿನಷ್ಟೂ ಭಾರವಿರಲಿಲ್ಲ.

ಈಗ ನಾನು ಬೇರೆ ಊರಿನ ಆಸ್ಪತ್ರೆಯಲ್ಲಿ ಸರ್ಜರಿ ಕಲಿಯುತ್ತಿದ್ದೇನೆ. ದಿನಕ್ಕೆ ಹತ್ತಾರು ಕೇಸ್ ಪೇಪರು ಬರೆಯುತ್ತೇನೆ. ಬೇಗ ಬರಿ ಎಂದು ಸೀನಿಯರುಗಳು ಬೈಯುತ್ತಾರೆ, ನಾನು ಕಥೆಯನ್ನು ಪೂರ್ತಿ ಕೇಳುತ್ತೇನೆ. ಅದರಿಂದ ನನಗೆ ಸಮಾಧಾನವಾಗಿದೆ ಎಂದೇನಲ್ಲ. ದೊಡ್ಡವ್ವ ಇದ್ದಾಳೆ. ಎಡಗೈ ಬಾತುಕೊಂಡಿರುತ್ತದೆ, ಭಕ್ರಿ ಬಡಿಯಲಾಗುವುದಿಲ್ಲ, ಅದೊಂದು ಕೊರಗು ಅವಳಿಗೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಕಾಯಿಲೆ ಮರಳಿ ಬಂದಿಲ್ಲ, ಬರುವುದಿಲ್ಲ ಎಂದು ಯಾರೂ ಹೇಳಿಲ್ಲ.

ಕಳೆದ ಸಲ ರಜೆ ಹಾಕಿ ನಾನೇ ಕರೆದೊಯ್ದೆ. ಸರದಿಗಾಗಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಕೋವಾಡ ಕಡೆಯ ಒಬ್ಬ ಹೆಂಗಸು, ಅವಳದೂ ಇದೇ ಕಾಯಿಲೆ, ಮೊದಲ ಸಲ ಬಂದವಳು, ಹೆದರಿ ಕೂತಿದ್ದಳು. ದೊಡ್ಡವ್ವ ಅವಳಿಗೆ ಧೈರ್ಯ ಹೇಳುತ್ತ ತನ್ನ ಫೈಲು ಬಿಚ್ಚಿ ತೋರಿಸತೊಡಗಿದಳು. ಎಲ್ಲಕ್ಕಿಂತ ಕೆಳಗಿದ್ದ, ಅಂಚು ಮಾಸಿದ ಮೊದಲ ಪುಟ ತೆಗೆದು, "ಇದು ನಮ್ಮ ಹುಡುಗ ಬರದದ್ದು ರೀ. ಅಕ್ಷರ ನೋಡ್ರಿ, ಮುತ್ತಿನಂಗ" ಎಂದಳು.

"ಏನ ಬರದಾರ್ರಿ ಅದರಾಗ?" ಎಂದು ಆ ಹೆಂಗಸು ಕೇಳಿದಳು.

"ಓದಿ ಹೇಳ ತಮ್ಮಾ, ಅವರಿಗೂ ತಿಳೀಲಿ" ಎಂದು ದೊಡ್ಡವ್ವ ಪುಟವನ್ನು ನನ್ನ ಕೈಗಿಟ್ಟಳು.

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲ ಸಾಲು ಹೆಸರು, ಊರು. ಎರಡನೆಯದು ವಯಸ್ಸು. ಮೂರನೆಯದು ಗಂಟು, ನೋವಿಲ್ಲ, ನಾಲ್ಕು ತಿಂಗಳು. ಅಲ್ಲಿಗೆ ನನ್ನ ದನಿ ನಿಂತಿತು. ಕಣ್ಣು ನಾಲ್ಕನೇ ಸಾಲಿನ ಮೇಲಿತ್ತು. ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು.

ದೊಡ್ಡವ್ವನಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುವುದಿಲ್ಲ. ಅವಳು ಪುಟದ ಕಡೆ ನೋಡಲೂ ಇಲ್ಲ. ಬಾತ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು, "ಅದೊಂದು ಬಿಡಪಾ. ಮುಂದಿಂದು ಓದ" ಎಂದಳು.

ನಾನು ಐದನೇ ಸಾಲು ಓದಿದೆ.